ಬಯೋಡೇಟಾದಲ್ಲಿ ಹಿಡಿಯದ ಒಂದು ದಿನ

ನಲವತ್ತಾರನೆಯ ವಯಸ್ಸಿನಲ್ಲಿ ನನ್ನನ್ನು ನಾನೇ ಹೊಗಳಿಕೊಳ್ಳುವುದನ್ನು ಕಲಿಯಬೇಕಾಗಿ ಬಂತು. ಕಾರವಾರದ ಬಂದರಿನ ಹತ್ತಿರದ ಐಸ್ ಫ್ಯಾಕ್ಟರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಯಂತ್ರ ನೋಡಿಕೊಂಡವನು ನಾನು. ಮೀನಿನ ದೋಣಿಗಳಿಗೆ ಐಸ್ ಮಾಡಿಕೊಡುವ ಕೆಲಸ. ಈ ಮಳೆಗಾಲ ಕಳೆದರೆ ಫ್ಯಾಕ್ಟರಿ ಮುಚ್ಚುತ್ತೇನೆ ಎಂದು ಧಣಿಗಳು ಹೇಳಿಬಿಟ್ಟರು. ಅಂಕೋಲೆಯ ಬಾಳೆಗುಳಿ ಕ್ರಾಸಿನ ಬಳಿ ಹೊಸದಾಗಿ ಎದ್ದ ಶೀತಲಗೃಹಕ್ಕೆ ಮೇಲ್ವಿಚಾರಕ ಬೇಕೆಂದು ಅದೇ ವಾರ ತಿಳಿಯಿತು. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಇದು ತಪ್ಪಿದರೆ ಇನ್ನೊಂದು ಸಿಕ್ಕೀತು ಎನ್ನುವ ಧೈರ್ಯ ನನಗಿರಲಿಲ್ಲ.

ಅರ್ಜಿಯ ಜೊತೆ ಬಯೋಡೇಟಾ ಕೇಳಿದ್ದರು. ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ಒಂದು ಹಾಳೆ ಬರೆದೆ. ತಂದೆಯ ಹೆಸರು, ಜಾತಿ, ಎತ್ತರ, ತೂಕ, ಹವ್ಯಾಸದಲ್ಲಿ ಕ್ರಿಕೆಟ್ ನೋಡುವುದು. ಅದನ್ನು ಹಿಡಿದುಕೊಂಡು ಬಸ್‌ ಸ್ಟ್ಯಾಂಡಿನ ಹಿಂದಿರುವ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿ ನಡೆಸುವ ಹೆಂಗಸು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಹಾಳೆಯನ್ನು ಒಮ್ಮೆ ಓದಿ, ಕನ್ನಡಕ ತಲೆಯ ಮೇಲೆ ಏರಿಸಿ, ನನ್ನನ್ನೇ ನೋಡಿದಳು.

“ಇದೆಂತ ಮಾರಾಯ್ರೇ, ಹೆಣ್ಣು ಹುಡುಕುಕೆ ಬರ್ದದ್ದಾ? ತೂಕ ಎಂತಕೆ ಅವ್ರಿಗೆ? ನಿಮ್ಮನ್ನ ತಕ್ಕಡಿಗೆ ಹಾಕ್ತ್ರಾ?”

ನನಗೆ ಸಿಟ್ಟು ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡು ಪುಟ ದಾಟಬಾರದು. ಈಗಿನ ಕೆಲಸ ಮೊದಲು, ಶಾಲೆ ಕಾಲೇಜು ಕೊನೆಗೆ. ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ನೋಡಿಕೊಂಡು ಏನಾಯಿತು ಎಂದು ಬರೆಯಬೇಕು. “ಹತ್ತೊಂಬತ್ತು ವರ್ಷ ಇದ್ದೆ ಅಂದ್ರೆ ಸಾಕಾಗೂದಿಲ್ಲ. ಗೋಡೆನೂ ಇತ್ತು ಅಲ್ಲಿ. ನೀವು ಮಾಡಿದ್ದು ಎಂತದು? ಒಂದು ಘಟನೆ ಹೇಳಿ, ಅದನ್ನೇ ಮೇಲೆ ಹಾಕುವಾ.”

ಒಂದು ಘಟನೆ ಇತ್ತು. ಪ್ಲಾಸ್ಟಿಕ್ ಫೈಲಿನಲ್ಲಿ ಅದರ ಪತ್ರವೂ ಇತ್ತು. ಒಂಬತ್ತು ವರ್ಷದ ಹಿಂದೆ ಧಣಿಗಳು ಕನ್ನಡದಲ್ಲೇ ಟೈಪ್ ಮಾಡಿಸಿ, ಮೊಹರು ಒತ್ತಿ ಕೊಟ್ಟದ್ದು. ಅಮೋನಿಯಾ ಅನಿಲ ಸೋರಿದಾಗ ನಾನು ಪ್ರಾಣದ ಹಂಗು ತೊರೆದು ಒಳಗೆ ಹೋಗಿ ವಾಲ್ವ್ ಮುಚ್ಚಿದೆನೆಂದೂ, ಐಸ್ ತುಂಬಲು ಬಂದಿದ್ದ ಜನರೆಲ್ಲ ಅದರಿಂದ ಉಳಿದರೆಂದೂ ಅದರಲ್ಲಿ ಬರೆದಿದೆ. ನನ್ನ ಹೆಸರು ನಾಲ್ಕು ಸಲ ಬರುತ್ತದೆ. ಅವಳು ಓದಿ, “ಇಂಥದ್ದು ಇಟ್ಕಂಡು ತೂಕ ಬರೀತ್ರಲ್ಲ!” ಎಂದು ಬೈದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅಲ್ಲಿ ಯಾರೋ ಕೆಮ್ಮಿದ ಹಾಗಾಗಿತ್ತು.

ಆ ದಿನ ನಾನು ಫ್ಯಾಕ್ಟರಿಯಲ್ಲೇ ಇರಲಿಲ್ಲ.

ಯಂತ್ರದ ಕೆಲಸಕ್ಕೆ ನಾನೂ ಇನ್ನೊಬ್ಬನೂ ಜೋಡಿ. ಅವನು ದೇವಬಾಗದವನು, ನನಗಿಂತ ಹತ್ತು ವರ್ಷ ದೊಡ್ಡವನು. ಒಬ್ಬರನ್ನೊಬ್ಬರು ಜೋಡಿದಾರ ಎಂದೇ ಕರೆಯುತ್ತಿದ್ದೆವು. ಅವನು ಕಂಪ್ರೆಸರಿನ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಎಲ್ಲಿ ಏನು ಸಡಿಲಾಗಿದೆ ಎಂದು ಹೇಳುತ್ತಿದ್ದ. ನನಗೆ ಬಂದ ವಿದ್ಯೆಯೆಲ್ಲ ಅವನಿಂದಲೇ ಬಂದದ್ದು. ನಾವಿಬ್ಬರೂ ಗದ್ದೆ ಕೆಲಸ ಮಾಡಿದ ಮನೆಗಳಿಂದ ಬಂದವರು. ನಾಟಿಯ ಕಾಲದಲ್ಲಿ ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ ಎಂದು ಆಳು ಬದಲಿಸಿಕೊಳ್ಳುತ್ತಾರಲ್ಲ, ಆ ಮುಯ್ಯಿಯನ್ನೇ ಫ್ಯಾಕ್ಟರಿಯ ಪಾಳಿಗೂ ತಂದಿದ್ದೆವು. ಒಬ್ಬನಿಗೆ ತುರ್ತಿದ್ದರೆ ಇನ್ನೊಬ್ಬ ತನ್ನ ವಾರದ ರಜೆ ಬಿಟ್ಟು ಬಂದು, ಹಾಜರಿ ಪುಸ್ತಕದಲ್ಲಿ ಅವನ ಹೆಸರಿಗೇ ಸಹಿ ಹಾಕುತ್ತಿದ್ದ. ಧಣಿಗಳಿಗೆ ಗೊತ್ತಾಗಿದ್ದರೆ ಇಬ್ಬರನ್ನೂ ಹೊರಗೆ ಹಾಕುತ್ತಿದ್ದರು. ಗದ್ದೆಯಲ್ಲಿ ಯಾರಿಗೂ ಹಾನಿಯಿಲ್ಲದ ರೂಢಿ ಅಮೋನಿಯಾ ಇರುವ ಕಡೆ ಎಂಥದ್ದಾಗುತ್ತದೆ ಎಂದು ನಮಗೆ ಹೊಳೆಯಲಿಲ್ಲ.

ಆ ಭಾನುವಾರ ಬೆಳಗಿನ ಪಾಳಿ ನನ್ನದು. ಆಯಿಗೆ ಹುಷಾರಿಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ಅವನಿಗೆ ಹೇಳಿದೆ. ಹಸಿ ಸುಳ್ಳು. ನನ್ನ ತಾಯಿ ಮನೆಯಲ್ಲಿ ಮೀನು ಕೊಯ್ಯುತ್ತ ಕುಳಿತಿದ್ದರು. ನಾನು ಅಂಕೋಲೆಯಲ್ಲಿ ಬೇರೊಂದು ಕೆಲಸಕ್ಕೆ ಸಂದರ್ಶನ ಕೊಡಲು ಹೋಗಿದ್ದೆ. ಬಿಟ್ಟು ಹೋಗುತ್ತೇನೆಂದು ಅವನಿಗೆ ಹೇಳುವುದಕ್ಕೆ ನಾಚಿಕೆಯಾಗಿತ್ತು. ಅಲ್ಲಿ ನನ್ನ ಬಯೋಡೇಟಾ ನೋಡಿದವರು, ನೀವು ವಿಶೇಷವಾಗಿ ಮಾಡಿದ್ದೇನೂ ಇದರಲ್ಲಿ ಕಾಣುವುದಿಲ್ಲವಲ್ಲ ಎಂದು ಕೇಳಿ ಕಳಿಸಿಬಿಟ್ಟರು. ಅವರು ಹಾಗೆ ಕೇಳುತ್ತಿದ್ದ ಹೊತ್ತಿಗೇ ಕಾರವಾರದಲ್ಲಿ ನನ್ನ ಹೆಸರಿಗೆ ಸಹಿ ಹಾಕಿದ ಮನುಷ್ಯ ಮುಖಕ್ಕೆ ಒದ್ದೆ ಗೋಣಿ ಸುತ್ತಿಕೊಂಡು ಒಳಗೆ ಹೋಗಿದ್ದ. ಹೊರಗಿದ್ದ ದೋಣಿಯವರು ಬೇರೆ ಊರಿನವರು, ನಮ್ಮಿಬ್ಬರಲ್ಲಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ಊರಿಂದ ಬಂದ ಧಣಿಗಳು ಹಾಜರಿ ಪುಸ್ತಕ ನೋಡಿ ನನ್ನ ಬೆನ್ನು ತಟ್ಟಿದರು. ನಾನು ಬಾಯಿ ತೆರೆಯುವ ಮೊದಲೇ ಜೋಡಿದಾರ, “ಹೌದು, ಇಂವನೇ, ಭಾರೀ ಧೈರ್ಯ” ಎಂದ. ಅವರು ಹೋದ ಮೇಲೆ ನನ್ನ ತೋಳು ಹಿಡಿದು, “ಸುಮ್ನಿರು. ಮುಯ್ಯಿ ಗೊತ್ತಾದ್ರೆ ಇಬ್ರಿಗೂ ಅನ್ನ ಇಲ್ಲ” ಎಂದ. ಅಷ್ಟು ಹೇಳುವುದರೊಳಗೆ ಕೆಮ್ಮು ಒತ್ತರಿಸಿ ಬಂತು. ಕೆಮ್ಮಿ ಮುಗಿಸಿ, ಕಣ್ಣೊರೆಸಿಕೊಂಡು ಕೇಳಿದ, “ಆಯಿ ಹೆಂಗಿದ್ರು?”

ಆರಾಮಿದ್ದಾರೆ ಎಂದೆ. ಅದೊಂದೇ ನಿಜ ಹೇಳಿದ್ದು.

ಆಮೇಲೆ ಮೂರು ವರ್ಷ ಅವನು ಆ ಕೆಮ್ಮನ್ನು ಹೊತ್ತುಕೊಂಡೇ ಪಾಳಿಗೆ ಬಂದ. ಫ್ಯಾಕ್ಟರಿಯ ಖರ್ಚಿನಲ್ಲಿ ಚಿಕಿತ್ಸೆ ಕೇಳೋಣವೆಂದರೆ ಪುಸ್ತಕದ ಪ್ರಕಾರ ಅವನು ಆ ದಿನ ಅಲ್ಲಿರಲೇ ಇಲ್ಲ. ಶೀತ ಎಂದ, ಬೀಡಿ ಎಂದ. ಡಾಕ್ಟರು ಕೊನೆಗೆ ಪುಪ್ಪುಸ ಹಾಳಾಗಿದೆ ಎಂದರು, ಗ್ಯಾಸೋ ಬೀಡಿಯೋ ಅವರು ಹೇಳಲಿಲ್ಲ. ಕೇಳುವವರೂ ಇರಲಿಲ್ಲ. ಆ ಮೂರು ವರ್ಷದಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತಾಗಲೆಲ್ಲ ಅವನು ಒಳಗೆ ಹೋದ ಕತೆಯನ್ನು ನನಗೆ ಹೇಳುತ್ತಿದ್ದ. ಬೇರೆ ಯಾರಿಗೆ ಹೇಳಬೇಕು? ನಾನೊಬ್ಬನೇ ಕೇಳಬಹುದಾದ ಕತೆ ಅದು. ಅವನು ಸತ್ತು ಆರು ವರ್ಷವಾಯಿತು. ಯಂತ್ರದ ಮನೆಯಲ್ಲಿ ಒಬ್ಬನೇ ಇದ್ದಾಗ ಕಂಪ್ರೆಸರಿನ ಆಚೆ ಅದೇ ಕೆಮ್ಮು ಈಗಲೂ ಕೇಳುತ್ತದೆ. ನನಗೆ ಅದರ ಭಯವಿಲ್ಲ. ಕೆಮ್ಮು ನಿಂತ ಮೇಲೆ ಬರುವ ಪ್ರಶ್ನೆಗೆ ಹೆದರುತ್ತೇನೆ.

ಕಂಪ್ಯೂಟರ್ ಅಂಗಡಿಯವಳು ಆ ಘಟನೆಯನ್ನು ಮೊದಲ ಪುಟದ ತಲೆಯ ಮೇಲೆಯೇ ಕೂರಿಸಿದಳು. ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ಸತ್ಯ’ ಎಂದು ನಾನು ಬರೆದಿದ್ದ ಸಾಲನ್ನು, “ಈಗ ಇದನ್ನ ಯಾರೂ ಹಾಕೂದಿಲ್ಲ” ಎಂದು ಅಳಿಸಿದಳು. ನನಗೆ ಸಮಾಧಾನವೇ ಆಯಿತು. ಬಯೋಡೇಟಾ ಬಹಳ ಚೆನ್ನಾಗಿತ್ತು. ಅಂಥವನಿಗೆ ನಾನಾದರೂ ಕೆಲಸ ಕೊಡುತ್ತಿದ್ದೆ.

ಹತ್ತು ದಿನದಲ್ಲಿ ಬಾಳೆಗುಳಿಯಿಂದ ಕರೆ ಬಂತು. ಸಂದರ್ಶನ ಮಾಡಿದ ಅಧಿಕಾರಿ ಬಯಲುಸೀಮೆಯ ಕಡೆಯವರು, ಮರ್ಯಾದಸ್ಥರು. ಮೊದಲ ಪುಟ ಓದಿ, ಬೇರೆಲ್ಲ ಬಿಟ್ಟು ಅಲ್ಲಿಗೇ ಬಂದರು. “ಮೊದಲು ಏನು ಮಾಡಿದಿರಿ?” ಎಂದು ಕೇಳಿದರು.

ನಾನು ಹೇಳತೊಡಗಿದೆ. ಗೋಣಿ ಒದ್ದೆ ಮಾಡಿಕೊಂಡದ್ದು, ಹೊರಗಿದ್ದವರನ್ನು ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಓಡಿಸಿದ್ದು, ಅಮೋನಿಯಾ ಮೇಲಕ್ಕೇರುತ್ತದೆಂದು ನೆಲಕ್ಕೆ ಎದೆ ಹಚ್ಚಿ ತೆವಳಿದ್ದು. ವಾಲ್ವಿನ ಚಕ್ರ ನಾಲ್ಕನೇ ಸುತ್ತಿಗೆ ಕಚ್ಚಿಕೊಂಡಿತ್ತು. ಗೋಣಿ ಬಿಚ್ಚಿ ಚಕ್ರಕ್ಕೆ ಸುತ್ತಿ ಜಗ್ಗಬೇಕಾಯಿತು. ಅಷ್ಟು ಹೊತ್ತು ಮುಖ ಬರಿದಾಗಿತ್ತು. ಕತೆ ಹೇಳುವಾಗ ಅವನ ಕೈಗಳು ಆಡುತ್ತಿದ್ದ ಹಾಗೆಯೇ ನನ್ನ ಕೈಗಳೂ ಆಡುತ್ತಿದ್ದವು. ಅವನು ಮಾತು ನಿಲ್ಲಿಸುತ್ತಿದ್ದಲ್ಲಿ ನಾನೂ ನಿಲ್ಲಿಸಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಕೆಲಸ ಸಿಕ್ಕಿತೆಂದು ನನಗೆ ಗೊತ್ತಾಯಿತು.

“ಆಮೇಲೆ ನಿಮಗೆ ಏನೂ ತೊಂದರೆಯಾಗಲಿಲ್ಲವೇ?” ಎಂದರು.

“ಕೆಮ್ಮು ಇತ್ತು ಸರ್. ಮೂರು ವರ್ಷ.”

“ಈಗ ಹೇಗಿದೆ?”

“ಈಗ ಅವನಿಲ್ಲ ಸರ್.”

ಬಾಯಿಂದ ಬಿದ್ದ ಮಾತು. ಎತ್ತಿಕೊಳ್ಳಲು ಆಗಲಿಲ್ಲ. ಬಿಸಿ ತುಪ್ಪ ಒಂಬತ್ತು ವರ್ಷ ಗಂಟಲಲ್ಲೇ ಇತ್ತು, ಉಗುಳಿದ್ದಾಯಿತು. ಉಳಿದದ್ದನ್ನೂ ಹೇಳಿದೆ, ಅವತ್ತು ಆಯಿಯ ಹೆಸರಿನಲ್ಲಿ ಹೇಳಿದ ಸುಳ್ಳನ್ನೂ ಸೇರಿಸಿ. ಅವರು ಬಯೋಡೇಟಾ ನನಗೆ ವಾಪಸು ಕೊಟ್ಟು, ತಿಳಿಸುತ್ತೇವೆ ಎಂದರು. ಮೇಲ್ವಿಚಾರಕನ ಕೆಲಸ ನನಗೆ ಸಿಗಲಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ತಿಂಗಳ ಮೇಲೆ ಆಪರೇಟರ್ ಆಗಿ ಕರೆದರು, ಹೋಗುತ್ತಿದ್ದೇನೆ. ಆ ಮಧ್ಯಾಹ್ನ ಮಾತ್ರ ನನಗೆ ಕೆಲಸದ ಚಿಂತೆ ಇರಲಿಲ್ಲ. ಕಾರವಾರದಲ್ಲಿ ಇಳಿದು, ಶಿರವಾಡದ ಮನೆಗೆ ಹೋಗದೆ, ಕಾಳಿ ಸೇತುವೆ ದಾಟುವ ಟೆಂಪೋ ಹತ್ತಿ ದೇವಬಾಗಕ್ಕೆ ಹೋದೆ. ಫೈಲು ಕೈಯಲ್ಲೇ ಇತ್ತು.

ಜೋಡಿದಾರನ ಹೆಂಡತಿ ಅಂಗಳದಲ್ಲಿ ಒಣಗಿದ ಸೀಗಡಿ ಆರಿಸುತ್ತ ಕುಳಿತಿದ್ದರು. ಒಂಬತ್ತು ವರ್ಷದಿಂದ ಪ್ರತಿ ಸಲ ಮಳೆ ಹಿಡಿಯುವ ಮೊದಲು ಆ ಮನೆಯಿಂದ ನಮಗೆ ಒಂದು ಪೊಟ್ಟಣ ಸೀಗಡಿ ಬರುತ್ತಿತ್ತು. ಅವನಿದ್ದಾಗ ಅವನೇ ತರುತ್ತಿದ್ದ, ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಅವನು ಹೋದ ಮೇಲೆ ಅವರು ಯಾರದಾದರೂ ಕೈಯಲ್ಲಿ ಕಳಿಸುತ್ತಿದ್ದರು. ಸ್ನೇಹದ ಬಳುವಳಿ ಎಂದುಕೊಂಡು ನಾವು ಚಟ್ನಿ ಮಾಡಿ ತಿನ್ನುತ್ತಿದ್ದೆವು.

“ಬರ್ರಿ ದಾದಾ, ನಿಮ್ಮ ಪಾಲೇ ಕಟ್ಟುಕೆ ಕೂತಿದ್ದೆ” ಎಂದರು. ಇಷ್ಟು ವರ್ಷ ಎಂತಕ್ಕೆ ಕಳಿಸುತ್ತೀರಿ, ನಿಮಗೇ ಕಷ್ಟವಿರುವಾಗ ಎಂದೆ.

“ಹಂಗಂದ್ರೆ ಹೆಂಗೆ? ಆ ದಿನ ಇವ್ರು ರಜೆ ಇದ್ರೂ ಸುಮ್ನೆ ಫ್ಯಾಕ್ಟರಿಗೆ ಬಂದು ಗ್ಯಾಸಲ್ಲಿ ಬಿದ್ದಿದ್ರಲ್ಲ, ನೀವು ಹೊರಗೆ ಎಳ್ದು ಹಾಕಿದ್ರಲ್ಲ. ‘ಹೆದ್ರಿ ಕೈಕಾಲೇ ಆಡ್ಲಿಲ್ಲ ನಂಗೆ, ಜೋಡಿದಾರ ಇಲ್ದಿದ್ರೆ ಅಲ್ಲೇ ಸಾಯ್ತಿದ್ದೆ’ ಅಂತ ಇವ್ರೇ ಹೇಳಿದ್ರು. ಮೂರು ವರ್ಷ ನಂಗೆ ಹೆಚ್ಚಿಗೆ ಕೊಟ್ಟದ್ದು ನೀವು.”

ನನ್ನ ಗುಟ್ಟು ಕಾಯಲು ಅವನು ತನ್ನ ಮನೆಯಲ್ಲೇ ತನ್ನನ್ನು ಅಂಜುಬುರುಕನನ್ನಾಗಿ ಮಾಡಿಕೊಂಡಿದ್ದ. ಒಂಬತ್ತು ಮಳೆಗಾಲ ನಾನು ತಿಂದದ್ದು ಏನೆಂದು ಆಗ ತಿಳಿಯಿತು. ಅಳು ಬಂತು, ತಡೆದುಕೊಳ್ಳಲಿಲ್ಲ. ಅಂಗಳದ ಮರಳಿನಲ್ಲೇ ಕುಳಿತು ಎಲ್ಲವನ್ನೂ ಹೇಳಿದೆ. ಆಯಿಯ ಸುಳ್ಳು, ಅಂಕೋಲೆ, ಸಹಿ, ಗೋಣಿ, ನಾಲ್ಕನೇ ಸುತ್ತು. ಅವರು ಬೈಯಲಿ ಎಂದು ಕಾಯುತ್ತಿದ್ದೆ. ಮೊರ ಕೆಳಗಿಟ್ಟರು. ಬಹಳ ಹೊತ್ತು ಸೀಗಡಿಯ ಮೇಲೆ ಬಂದು ಕೂರುವ ನೊಣ ಓಡಿಸುತ್ತಿದ್ದರು.

“ಹಂಗಾದ್ರೆ ಇವ್ರು ಹೆದ್ರಲಿಲ್ಲ?”

“ಇಲ್ಲ.”

“ಬಾಗ್ಲು ಮುಚ್ಚಿದ್ದು ಇವ್ರೇ?” ವಾಲ್ವಿಗೆ ಅವರು ಬಾಗಿಲು ಎಂದೇ ಹೇಳುತ್ತಿದ್ದರು.

“ಅವನೇ.”

ಅವರು ನನ್ನ ಕೈಯ ಫೈಲಿನ ಕಡೆ ನೋಡಿದರು. ಅದರಲ್ಲಿ ಎಂತ ಬರೆದಿದೆ ಎಂದು ಕೇಳಿದರು. ಧಣಿಗಳ ಪತ್ರ, ಆದರೆ ಹೆಸರು ನನ್ನದು ಎಂದೆ.

“ಓದಿ,” ಎಂದರು. “ಇವ್ರ ಹೆಸ್ರು ಹಾಕಿ ಓದಿ.”

ಓದಿದೆ. ನಾಲ್ಕು ಕಡೆಯೂ ಅವನ ಹೆಸರು ಹಾಕಿದೆ. ಮುಗಿದ ಮೇಲೆ ಅವರು, ಇನ್ನೊಂದು ಸಲ, ಸ್ವಲ್ಪ ದೊಡ್ಡಕೆ ಎಂದರು, ನೆರೆಮನೆಯವರಿಗೂ ಕೇಳುವ ಹಾಗೆ.