ನೂರಾ ಹನ್ನೊಂದರ ಮುಯ್ಯಿ

ಮದುವೆಯಲ್ಲಿ ಯಾರು ಎಷ್ಟು ಕೊಟ್ಟರು ಎಂಬುದು ಮೈಕಿನಲ್ಲಿ ಊರಿಗೆಲ್ಲ ಕೇಳುತ್ತಿದ್ದ ಕಾಲವದು. ಅದಕ್ಕೆ ಮುಯ್ಯಿ ಓದಿಸುವುದು ಎನ್ನುತ್ತಿದ್ದರು. ನಮ್ಮ ಮನೆಯ ಮದುವೆಗೆ ನೀವು ಕೊಟ್ಟದ್ದನ್ನು ನಿಮ್ಮ ಮನೆಯ ಮದುವೆಗೆ ನಾವು ತಿರುಗಿ ಕೊಡಬೇಕು, ಮೇಲೆ ಸ್ವಲ್ಪ ಹೆಚ್ಚಿಗೆ ಹಾಕಬೇಕು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ಮೂಗು ಮುರಿಯುತ್ತಾರೆ. ಮುರಿಯಲಿ. ನಮಗಂತೂ ಗೋಧಿ ಹುಗ್ಗಿಯಷ್ಟೇ ರುಚಿ ಅದರಲ್ಲೂ ಇತ್ತು.

ಅಪ್ಪನದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಬೀಡುಬಿಡುತ್ತಿದ್ದೆ. ಪಂಚರ್ ಸಲ್ಯೂಷನ್ನಿನ ಘಾಟು ಮೂಗಿಗೆ ಹತ್ತಿಸಿಕೊಂಡು, ಸವೆದ ಟೈರನ್ನು ಕೋಲಿನಿಂದ ಹೊಡೆದು ಓಡಿಸುವುದು ನನ್ನ ಆಟ. ಯಾರಿಗಾದರೂ ಕೊಡುವುದು ಬಾಕಿ ಉಳಿದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಆ ಬಗ್ಗೆ ಹೆಮ್ಮೆಯೂ ಒಂದು ತೂಕ ಜಾಸ್ತಿಯೇ ಇತ್ತು.

ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಬಾದನಹಟ್ಟಿಯ ಗೌರತ್ತೆ ತನ್ನ ಮಗಳು ಮಂಜುಳಕ್ಕನ ಮದುವೆ ಇಟ್ಟಳು. ಗೌರತ್ತೆ ಅಪ್ಪನ ಒಬ್ಬಳೇ ಅಕ್ಕ. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಅಪ್ಪನ ಮದುವೆಯಲ್ಲಿ ಅವಳು ನೂರಾ ಒಂದು ರೂಪಾಯಿ ಓದಿಸಿದ್ದಳಂತೆ. ಅಂದು ಅಷ್ಟು ದೊಡ್ಡ ಮುಯ್ಯಿ ಇನ್ಯಾರೂ ಹಾಕಿರಲಿಲ್ಲವಂತೆ. ಅದನ್ನು ತೀರಿಸುವ ದಿನ ಬಂತೆಂದು ಅಪ್ಪ ಇಸ್ತ್ರಿ ಅಂಗಿ ತೊಟ್ಟು ಹೊರಟ. "ಇನ್ನೊಂದೀಟು ಹಾಕ್ರಿ, ಚೆಂದ ಕಾಣಂಗಿಲ್ಲ," ಎಂದು ಅವ್ವ ಬಸ್ಸಿನಲ್ಲೇ ಹೇಳಿದಳು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಅಕ್ಷತೆ ಬಿದ್ದ ಮೇಲೆ ಮೈಕು ಶುರುವಾಯಿತು. ಪಕ್ಕದ ಮನೆಯವರು ಇನ್ನೂರಾ ಐವತ್ತೊಂದು. ಹಾಲು ಹಾಕುವವನು ನೂರಾ ಐವತ್ತೊಂದು. ಆಮೇಲೆ, "ಬಳ್ಳಾರಿ ಸತ್ಯನಾರಾಯಣಪೇಟೆ, ಸೋದರಮಾವ ಸಿದ್ದಲಿಂಗಪ್ಪನವರು, ನೂರಾ ಹನ್ನೊಂದು ರೂಪಾಯಿ!"

"ಸೋದರಮಾವ ಭಾಳ ಧಾರಾಳ ಅದಾನ ಬಿಡ್ರಿ," ಎಂದು ಹೆಂಗಸರ ಸಾಲಿನಿಂದ ಯಾರೋ ಅಂದರು. ನಗು ಕೇಳಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆಯ ಮುಖ ಸಣ್ಣದಾಯಿತು.

ಊಟವಾದ ಮೇಲೆ ಅಡುಗೆಯವರು ಪಾತ್ರೆ ತೊಳೆಯುತ್ತಿದ್ದ ಕಡೆ ಅವಳು ಅಪ್ಪನನ್ನು ಹಿಡಿದಳು.

"ಲೇ ಸಿದ್ಯಾ, ನೀ ಬರಿಗೈಲೆ ಬಂದಿದ್ರೂ ನನಗ ಇಷ್ಟು ಸಂಕಟ ಆಗ್ತಿದ್ದಿಲ್ಲ."

"ಯಾಕಬೇ ಅಕ್ಕ? ನೀ ನೂರಾ ಒಂದು ಹಾಕಿದ್ದಿ. ನಾ ಮ್ಯಾಲ ಹತ್ತು ಹಾಕೀನಿ."

"ಅವತ್ತು ನಾ ಒಂದು ಚೀಲ ನೆಲ್ಲು ಮಾರಿ ಆ ರೊಕ್ಕ ತಂದಿದ್ದೆ. ಗಂಡನ ಕಡಿಂದ ಬೈಸ್ಕೊಂಡು ತಂದಿದ್ದೆ. ಇವತ್ತು ನಿನ್ನ ನೂರಾ ಹನ್ನೊಂದಕ್ಕ ಅರ್ಧ ಚೀಲ ಬರ್ತೈತೇನು?"

"ನೂರು ಅವತ್ತೂ ನೂರು, ಇವತ್ತೂ ನೂರು. ರೊಕ್ಕ ಏನು ಸವೀತೈತೇನು?"

ಅಪ್ಪನ ಪಕ್ಕದಲ್ಲೇ ನಿಂತಿದ್ದ ನನಗೆ ನಿಜವಾಗಿಯೂ ಗೊಂದಲವಾಯಿತು. "ಅಪ್ಪಾ, ನಾ ಸಣ್ಣಾಕಿ ಇದ್ದಾಗ ಪಂಚರ್‌ಗೆ ಒಂದು ರೂಪಾಯಿ ತಗೊಂತಿದ್ದಿ. ಈಗ್ಯಾಕ ಮೂರು ತಗೊಂತಿ?" ಎಂದೆ.

"ಸಲ್ಯೂಷನ್ ತುಟ್ಟಿ ಆಗೈತಿ, ಟ್ಯೂಬು ತುಟ್ಟಿ ಆಗೈತಿ, ಮನಿ ಬಾಡಿಗಿ..." ಎಂದವನು ಅಲ್ಲೇ ನಿಂತ. ಅಡುಗೆಯವರು ಗೊಳ್ಳೆಂದು ನಕ್ಕರು. ಅತ್ತೆ ನಗಲಿಲ್ಲ. "ಆತು ಬಿಡಪಾ. ಇಲ್ಲಿಗೆ ನನ್ನ ತವರು ತೀರಿತು ಅನ್ಕೊಂತೀನಿ," ಎಂದು ಒಳಗೆ ಹೋದಳು.

ಸಿಟ್ಟು ನಾಲ್ಕು ದಿನದ್ದು ಎಂದುಕೊಂಡಿದ್ದೆವು. ಆದರೆ ಹೆಣ್ಣುಮಕ್ಕಳು ತವರಿಗೆ ಬರುವ ನಾಗರ ಪಂಚಮಿಗೆ ಅತ್ತೆ ಬರಲಿಲ್ಲ. ಅವಳು ತಪ್ಪಿಸಿದ ಮೊದಲ ಪಂಚಮಿ ಅದು. ಅವ್ವ ಅಳ್ಳಿಟ್ಟು, ಶೇಂಗಾ ಉಂಡಿ ಎಲ್ಲ ಮಾಡಿದ್ದಳು. ಅಪ್ಪ ಅಂಗಡಿಯಲ್ಲಿ ಚಕ್ರ ಬಿಚ್ಚಿಟ್ಟುಕೊಂಡು ಅತ್ತೆಯ ಊರಿನ ಹಾದಿಯಾದ ಕುರುಗೋಡು ಕಡೆಯಿಂದ ಬಂದವರನ್ನೆಲ್ಲ ನೋಡುತ್ತಿದ್ದ. ಮಧ್ಯಾಹ್ನ ಉಣ್ಣಲಿಲ್ಲ. ದೊಡ್ಡವರಿಗೂ ಅಳು ಬರುತ್ತದೆಂದು ನನಗೆ ಅಂದು ತಿಳಿಯಿತು.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದ. ಪರಿಚಯದವರ ರೈಸ್ ಮಿಲ್ಲಿನಲ್ಲಿ ಒಂದು ಚೀಲ ನೆಲ್ಲು, ಎಂದರೆ ಭತ್ತ, ಕೊಂಡ. ಕೊಟ್ಟ ರೊಕ್ಕ ನಾನೂ ಎಣಿಸಿದೆ, ನೂರಾ ಹನ್ನೊಂದರ ಎರಡು ಪಟ್ಟಿಗೂ ಹೆಚ್ಚು. ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಕೇಳಿದ, "ಎಲ್ಲಿಗ್ರೀ ಇದು?"

"ಬಾದನಹಟ್ಟಿಗ್ರೀ."

"ನೆಲ್ಲು ಬೆಳಿಯೋ ಊರಿಗೆ ನೆಲ್ಲು ಒಯ್ತೀರಲ್ರೀ, ತಲಿ ನೆಟ್ಟಗೈತೇನ್ರೀ?" ಎಂದು ಬಾಯಿ ತುಂಬ ನಕ್ಕು, ಲಗೇಜಿನ ಚೀಟಿಯನ್ನೂ ತಪ್ಪದೆ ಹರಿದುಕೊಟ್ಟ.

ಅತ್ತೆಯ ಅಂಗಳದಲ್ಲಿ ಅಪ್ಪ ಚೀಲ ಇಳಿಸಿ, ಬೆವರು ಒರೆಸಿಕೊಂಡು, "ಅಕ್ಕ, ನಿನ್ನ ಚೀಲ," ಎಂದ. ಅತ್ತೆ ಚೀಲ ನೋಡಿದಳು, ತಮ್ಮನನ್ನು ನೋಡಿದಳು. "ಹುಚ್ಚ ಅದೀಯಲೇ ನೀನು, ಅಡ್ನಾಡಿ!" ಎಂದು ನಗಲು ಹೋಗಿ ಅತ್ತುಬಿಟ್ಟಳು. ಪಂಚಮಿಗೆ ನಮ್ಮ ಮನೆಗೆಂದು ಅವಳು ಕಟ್ಟಿದ್ದ ಉಂಡಿ ಡಬ್ಬಿಯಲ್ಲಿ ಹಾಗೇ ಇದ್ದವು. ಅಪ್ಪ ಎಷ್ಟು ತಿಂದನೋ, ಮಾರನೆಯ ದಿನ ಹೊಟ್ಟೆ ಹಿಡಿದುಕೊಂಡು ಅಂಗಡಿ ತೆರೆಯಲಿಲ್ಲ.

ಈಗ ಅತ್ತೆ ಇಲ್ಲ. ಹೋದ ವರ್ಷ ಬಳ್ಳಾರಿಯ ಕಲ್ಯಾಣ ಮಂಟಪವೊಂದರಲ್ಲಿ ಮಂಜುಳಕ್ಕನ ಮಗನ ಮದುವೆಯಾಯಿತು. ಮೈಕು ಇರಲಿಲ್ಲ. ವೇದಿಕೆಯ ಪಕ್ಕ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದರು. ಎಪ್ಪತ್ತು ದಾಟಿದ ಅಪ್ಪ ಹೇಳಿದಷ್ಟನ್ನು ನಾನು ಫೋನಿನಲ್ಲಿ ಹಾಕಿದೆ; ಕೈ ಮುಗಿದ ಚಿತ್ರವೊಂದು ಬಂತು, ಎಲ್ಲರಿಗೂ ಬಂದಂಥದ್ದೇ. ಊಟ ಮುಗಿದು ಜನ ಕರಗಿದರೂ ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

"ನಡಿಯಪ್ಪಾ, ಹೋಗೂಣು."

"ಯಾರೂ ಏನೂ ಅನ್ಲಿಲ್ಲೇನು?"

"ಯಾಕಂತಾರ? ಭಾಳ ಆತು, ಇಷ್ಟ್ಯಾಕ ಹಾಕಿದ್ರಿ ಅಂದ್ಲು ಮಂಜುಳಕ್ಕ."

ಅಪ್ಪ ತಲೆ ಅಲ್ಲಾಡಿಸಿದ. "ಕಡಿಮಿ ಹಾಕಿದಿ ಅಂತ ಬೈಯಾಕ ಯಾರೂ ಉಳಿದಿಲ್ಲ ನೋಡವಾ ನನಗ," ಎಂದ.