ಆರೋ ಒಂಬತ್ತೋ

ಎಪ್ಪತ್ತಮೂರರಲ್ಲಿ ಮುಂಬಯಿಯ ಭಾಂಡುಪಿನ ಒಂದು ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ, ಕಾರ್ಡುಗಳಿಗೆ ತೂತು ಕೊರೆಯುವ ಯಂತ್ರದ ಮುಂದೆ ಉಡುಪಿ ಕಡೆಯ ವಾರಿಜಾಳನ್ನು ಕೂರಿಸಿದರು. ಕಾರ್ಮಿಕರ ವಿವರವೆಲ್ಲ ಅವಳ ಬೆರಳಿನಿಂದಲೇ ಒಳಗೆ ಹೋಗಬೇಕು. ಯಂತ್ರದಲ್ಲಿದ್ದದ್ದು ಇಂಗ್ಲಿಷ್ ಅಂಕಿಗಳ ಕೀಲಿ ಮಾತ್ರ; ಕನ್ನಡ ನಾಡಿನಿಂದ ಬಂದ ಕಾರ್ಮಿಕರ ಶಾಲೆಯ ದಾಖಲೆಗಳಲ್ಲಿ ಕನ್ನಡದಲ್ಲಿ ಬರೆದದ್ದನ್ನು ಅವಳೇ ಓದಿ, ಮನಸ್ಸಿನಲ್ಲೇ ಬದಲಿಸಿ ಒತ್ತುತ್ತಿದ್ದಳು.

ಕುಲುಮೆಯ ಬಂಡೆಪ್ಪನ ಜನ್ಮವರ್ಷದಲ್ಲಿ ಕೊನೆಯ ಅಂಕಿಯ ಬಾಲ ಮಸುಕಾಗಿತ್ತು. ೧೯೧೬ ಇರಬಹುದು, ೧೯೧೯ ಇರಬಹುದು. ಊಟದ ಬಿಡುವಿನಲ್ಲಿ ಅವನನ್ನೇ ಹುಡುಕಿ ಕೇಳಿದಳು.

"ನಂಗೇನ್ ಗೊತ್ತವ್ವಾ? ಸಾಲಿ ಮಾಸ್ತರ ಬರದದ್ದು," ಎಂದು ಅವನು ನಕ್ಕ.

ಕಾಗದದ ಮೇಲಾದರೆ ಅನುಮಾನವನ್ನೂ ಬರೆದಿಡಬಹುದಿತ್ತು. ಕಾರ್ಡಿನಲ್ಲಿ ಒಂದು ಅಂಕಿಗೆ ಒಂದೇ ತೂತು. ಆರು ಒತ್ತಿದರೆ ಮುಂದಿನ ವರ್ಷವೇ ನಿವೃತ್ತಿ, ಒಂಬತ್ತಾದರೆ ಇನ್ನೂ ಮೂರು ವರ್ಷ ಹೆಚ್ಚಿನ ಕೆಲಸ. ಅವನ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿದ್ದಾರೆಂದು ಅವಳಿಗೆ ಗೊತ್ತಿತ್ತು. ಒಂಬತ್ತನ್ನೇ ಒತ್ತಿದಳು.

ಆ ಹೆಚ್ಚಿನ ವರ್ಷಗಳಲ್ಲೇ ಒಂದು ದಿನ ಕಾದ ಕಬ್ಬಿಣ ಸಿಡಿದು ಬಂಡೆಪ್ಪನ ಎಡಗಣ್ಣು ಹೋಯಿತು. ಆಸ್ಪತ್ರೆಗೆ ಓಡಿದ ವಾರಿಜಾ ಮಂಚದ ಪಕ್ಕ ನಿಂತು ನಡೆದದ್ದನ್ನೆಲ್ಲ ಹೇಳಿದಳು.

"ಆರು ಒತ್ತಿದ್ದರೆ ನೀವು ಇಷ್ಟೊತ್ತಿಗೆ ಊರಲ್ಲಿರ್ತಿದ್ರಿ," ಎಂದಳು.



"ದೊಡ್ಡಾಕಿ ಲಗ್ನ ಆದದ್ದೂ ಈ ನೌಕರಿ ಮ್ಯಾಲೇ ಅಲ್ಲೇನವ್ವಾ," ಎಂದ ಬಂಡೆಪ್ಪ, ಗೋಡೆಯ ಕಡೆ ಹೊರಳುತ್ತಾ.

ಅದು ಸಮಾಧಾನವೋ ದೂರೋ ಅವಳಿಗೆ ತಿಳಿಯಲಿಲ್ಲ. ಮರುವಾರ ಬೇರೆ ವಿಭಾಗಕ್ಕೆ ವರ್ಗ ಕೇಳಿದಳು; ಕನ್ನಡ ಅಂಕಿ ಓದುವವರು ಬೇರೆ ಯಾರೂ ಇಲ್ಲವೆಂದು ಸಾಹೇಬರು ಒಪ್ಪಲಿಲ್ಲ.