ಸೋಸಿದ ಗಂಜಿ

ಅವ್ವನ ಕರುಳು ಒಡೆದು ದಾವಣಗೆರೆಯಲ್ಲಿ ಆಪರೇಷನ್ ಆದಾಗ ನಾನು ಹರಪನಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದೆ. ತೊಂಬತ್ತರ ದಶಕದ ಕೊನೆ ಅದು. ಹಿರೇಹಡಗಲಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದ ಅಪ್ಪ ಅಂಗಡಿಗೆ ಬೀಗ ಹಾಕಿ ಬಂದು, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದ; ನಾನೂ ಕಾಲೇಜು ಬಿಟ್ಟು ಅಲ್ಲಿಗೆ ಬಂದೆ. ಅವನು ಸ್ಟೌವ್ ಮುಂದೆ ಕೂತದ್ದನ್ನು ನಾನು ಮೊದಲು ಕಂಡದ್ದೇ ಅಲ್ಲಿ.

ಅವ್ವ ಐಸಿಯುನಲ್ಲಿ ಮಂಪರಿನಲ್ಲಿದ್ದಳು. ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆಯಲ್ಲೇ ಊಟ.

“ಗಾಯ ಆದ ಮೈ ತನ್ನ ಮಾಂಸ ತಾನೇ ತಿನ್ನೋಕೆ ಶುರು ಮಾಡುತ್ತೆ. ಬರೀ ಅಕ್ಕಿಗಂಜಿ ಸಾಲದು. ಬೇಳೆ, ಹಾಲು, ಮೊಟ್ಟೆಯ ಬಿಳಿ ಕೊಡಿ,” ಎಂದರು ಡಾಕ್ಟರು.

ಜೊತೆಗೆ ಬಂದಿದ್ದ ಅಪ್ಪನ ತಾಯಿ, ನಮ್ಮಜ್ಜಿ, ಸಿಡಿದೆದ್ದಳು. “ಲಿಂಗ ಕಟ್ಟಿದ ಮೈಗೆ ತತ್ತಿ ಹಾಕ್ತಿಯೇನಲೇ? ಹಸಿ ಗಾಯ ಐತಿ, ಕೀವಾಗ್ತೈತಿ!”

ಅಪ್ಪ ಹೋಗಿ ಮೊಟ್ಟೆ ತಂದ. ಮರುದಿನ ಹೆಸರುಬೇಳೆ ಬೇಯಿಸಿ, ಹಾಲು ಹಾಕಿ, ಬೆಂದ ಮೊಟ್ಟೆಯ ಬಿಳಿ ಅರೆದು ಬೆರೆಸಿ, ತೊಳೆದ ಪಂಚೆಯ ತುಂಡಿನಲ್ಲಿ ಸೋಸಿದ. ಒಂದು ಗಂಟು ಉಳಿದರೂ ಕೊಳವೆ ಕಟ್ಟುತ್ತದೆಂದು ಮತ್ತೆ ಸೋಸಿದ. ನರ್ಸ್ ಅದನ್ನು ಸಿರಿಂಜಿನಲ್ಲಿ ಮೆಲ್ಲಗೆ ಇಳಿಸುವಾಗ ಅವನ ಗಂಟಲೂ ನುಂಗುತ್ತಿತ್ತು.

ಅವ್ವನಿಗೆ ಎಚ್ಚರವಾಯಿತು.

“ಏನು ಹಾಕಾಕತ್ತೀರಿ ನನಗ?”

“ಬ್ಯಾಳಿ, ಹಾಲು...” ಅಪ್ಪ ತಡವರಿಸಿದ. “ತತ್ತಿನೂ ಐತಿ.”

ಅವ್ವ ಅವನನ್ನೇ ನೋಡಿದಳು. ಸಿಟ್ಟಾಗುತ್ತಾಳೆಂದು ನಾನು ಹೆದರಿದೆ.

“ನೀವ ಕುದಿಸಿದ್ರೇನು?”

“ಹ್ಞೂಂ.”

ಅವಳು ಅವನ ಬೆರಳು ಹಿಡಿದು ತಿರುಗಿಸಿದಳು. “ಎಲ್ಲಾ ಸುಟ್ಕೊಂಡೀರಲ್ಲ.”

ಕೊಳವೆ ತೆಗೆದ ಮೇಲೆ ಅಪ್ಪ ಚಮಚದಿಂದ ಗಂಜಿ ತಿನ್ನಿಸಿದ. “ಉಪ್ಪ ಇಲ್ರಿ ಇದಕ್ಕ,” ಎಂದು ಅವ್ವ ನಕ್ಕಳು. ಇನ್ನು ಮನೆಗೆ ಕರೆದೊಯ್ಯಬಹುದು ಅಂದುಕೊಂಡೆವು. ಆದರೆ ವಾರ ಕಳೆಯುವುದರೊಳಗೆ ಜ್ವರ ಏರಿತು. ನಂಜು ರಕ್ತಕ್ಕೆ ಹಬ್ಬಿತ್ತು. ಅವ್ವ ಉಳಿಯಲಿಲ್ಲ.

ಒಡೆದ ಕರುಳಿನ ನಂಜು ಅದು, ಊಟದಿಂದ ಬಂದದ್ದಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಆದರೂ ಮಣ್ಣು ಮಾಡಿ ಬಂದ ಮೇಲೆ ಅಜ್ಜಿ ಎದೆ ಬಡಿದುಕೊಂಡಳು. “ತತ್ತಿ ಹಾಕಿ ಕೊಂದ್ಯಲ್ಲೋ!”

ಅಪ್ಪ ತಲೆ ಎತ್ತಿದ. ದನಿ ಏರಲಿಲ್ಲ. “ಹೊಟ್ಟಿ ಹಸ್ಕೊಂಡು ಹೋಗ್ಲಿಲ್ಲವ್ವಾ ಆಕಿ.”

ಅಜ್ಜಿಯ ಅಳು ಅಲ್ಲಿಗೇ ನಿಂತಿತು. ಸಂಜೆ ಅವಳೇ ಹಾಲಿನಲ್ಲಿ ರೊಟ್ಟಿ ಮುರಿದು ಬಟ್ಟಲು ತಂದು ಅಪ್ಪನ ಬಾಯಿಗೆ ಹಿಡಿದಳು. ಅವನು ಬಾಯಿ ತೆರೆಯಲಿಲ್ಲ. ಅಜ್ಜಿ ಬಟ್ಟಲನ್ನು ಕೆಳಗಿಡಲೂ ಇಲ್ಲ, ಅವನ ಪಕ್ಕದಲ್ಲೇ ಗೋಡೆಗೊರಗಿ ಕೂತಳು.